ಟೇಪ್ ಬ್ಯಾಕಪ್ ಕೆಟ್ಟಾಗ: ಮೊದಲು ದೋಷವನ್ನು ಎರಡು ಭಾಗ ಮಾಡಿ

2004ರ ಮಳೆಗಾಲ. ಮಲೆನಾಡಿನ ಒಂದು ಸಹಕಾರ ಸಂಘದ ಕಚೇರಿಯಿಂದ ಫೋನ್ ಬಂತು. ಲೆಕ್ಕಪತ್ರ ನೋಡಿಕೊಳ್ಳುವ ಮೇಡಂ ಹೇಳಿದ್ದು ಇಷ್ಟು: "ಸಾರ್, ರಾತ್ರಿ ಎಂಟಕ್ಕೆ ಶುರುವಾಗೋ ಬ್ಯಾಕಪ್ಪು, ಬೆಳಗ್ಗೆ ನಾವು ಬಂದು ಬಾಗಿಲು ತೆಗೆದಾಗಲೂ ಓಡ್ತಾನೇ ಇರುತ್ತೆ. ಟೇಪ್ ಡ್ರೈವಿನಲ್ಲಿ ಕೇಸರಿ ದೀಪ ಬೇರೆ ಮಿಣುಕ್ತಾ ಇದೆ. ಮೂರು ಹೊಸ ಟೇಪ್ ಹಾಕಿದ್ದಾಯ್ತು, ಕ್ಲೀನಿಂಗ್ ಟೇಪೂ ಹಾಕಿದ್ದಾಯ್ತು."

ಅಲ್ಲಿದ್ದದ್ದು ಆ ಕಾಲದ ಸಣ್ಣ ಕಚೇರಿಗಳಲ್ಲಿ ಸಾಮಾನ್ಯವಾಗಿದ್ದ ಸಲಕರಣೆ. ವಿಂಡೋಸ್ 2000 ಸರ್ವರ್ ಒಂದು. ಅದರೊಳಗೆ ಸ್ಕಸಿ (ಡಿಸ್ಕ್, ಟೇಪ್ ಡ್ರೈವುಗಳನ್ನು ಕಂಪ್ಯೂಟರಿಗೆ ಜೋಡಿಸುವ ಒಂದು ಬಗೆ) ಕಾರ್ಡಿಗೆ ಜೋಡಿಸಿದ ಡಿಡಿಎಸ್-4 ಟೇಪ್ ಡ್ರೈವ್, ಅಂದರೆ ಪುಟ್ಟ ಕ್ಯಾಸೆಟ್ಟಿನಂಥ ಟೇಪಿಗೆ ಮಾಹಿತಿ ಬರೆಯುವ ಯಂತ್ರ. ಬ್ಯಾಕಪ್‌ಗೆ ವಿಂಡೋಸ್ ಜೊತೆಗೇ ಬರುತ್ತಿದ್ದ ಎನ್‌ಟಿಬ್ಯಾಕಪ್. ಸುತ್ತ ಆರು ಡೆಸ್ಕ್‌ಟಾಪ್. ಸರ್ವರಿನಲ್ಲಿ ಸುಮಾರು 4 ಜಿಬಿ, ಡೆಸ್ಕ್‌ಟಾಪ್‌ಗಳಿಂದ ಸುಮಾರು 8 ಜಿಬಿ, ಒಟ್ಟು 12 ಜಿಬಿ ಪ್ರತಿ ರಾತ್ರಿ ಟೇಪಿಗೆ ಹೋಗಬೇಕು. ಮೊದಲು ಎರಡು ಗಂಟೆಯಲ್ಲಿ ಮುಗಿಯುತ್ತಿತ್ತಂತೆ.

ದೀಪ ಮಿಣುಕಿದರೆ ಎಲ್ಲರೂ ಡ್ರೈವನ್ನೇ ಅನುಮಾನಿಸುತ್ತಾರೆ. ಅದು ಸಹಜ. ಆದರೆ ಟೇಪ್ ಬ್ಯಾಕಪ್ ಅನ್ನೋದು ಉದ್ದನೆಯ ಸರಪಳಿ. ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕ್, ನೆಟ್‌ವರ್ಕ್ ಕೇಬಲ್, ಸ್ವಿಚ್, ಸರ್ವರಿನ ನೆಟ್‌ವರ್ಕ್ ಕಾರ್ಡ್, ಬ್ಯಾಕಪ್ ಸಾಫ್ಟ್‌ವೇರ್, ಸ್ಕಸಿ ಕಾರ್ಡ್, ಸ್ಕಸಿ ಕೇಬಲ್, ಡ್ರೈವ್, ಕೊನೆಗೆ ಟೇಪ್. ಇದರಲ್ಲಿ ಯಾವ ಕೊಂಡಿ ಸಡಿಲವಾದರೂ ಗೋಳು ಕೇಳಿಸುವುದು ಟೇಪಿನ ಹತ್ತಿರ. ಅದಕ್ಕೇ ನಾನು ಬಿಡಿಭಾಗ ಬದಲಿಸುವ ಮೊದಲು ಸರಪಳಿಯನ್ನು ನಡುವಿಗೆ ಕತ್ತರಿಸಿ ನೋಡುತ್ತೇನೆ.

ಕೈ ಹಾಕುವ ಮೊದಲು

ಡ್ರೈವಿನಲ್ಲಿರುವ ಟೇಪ್ ಹೊರಗೆ ತೆಗೆಯಿರಿ. ಹಿಂಬದಿಯ ಅಂಚಿನಲ್ಲಿ ಉಗುರಿನಿಂದ ಸರಿಸುವ ಒಂದು ಪುಟ್ಟ ಪ್ಲಾಸ್ಟಿಕ್ ಬಾಗಿಲು ಇರುತ್ತದೆ. ಡಿಡಿಎಸ್ ಟೇಪಿನಲ್ಲಿ ಆ ತೂತು ತೆರೆದಿದ್ದರೆ ಬರೆಯಲು ಆಗುವುದಿಲ್ಲ, ಓದಲು ಮಾತ್ರ ಆಗುತ್ತದೆ. ಹಳೆಯ ಮಾಹಿತಿ ಇರುವ ಎಲ್ಲ ಟೇಪುಗಳಲ್ಲೂ ಅದನ್ನು ತೆರೆದಿಡಿ. ಪರೀಕ್ಷೆಗೆ ಬೇರೆಯದೇ ಒಂದು ಟೇಪ್ ಇಟ್ಟುಕೊಳ್ಳಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಟೇಪಿನ ಮೊದಲಲ್ಲಿ ಸ್ವಲ್ಪವೇ ಹೊಸದಾಗಿ ಬರೆದರೂ, ಅಲ್ಲಿಗೆ ಮಾಹಿತಿ ಮುಗಿಯಿತು ಅನ್ನುವ ಗುರುತನ್ನು ಡ್ರೈವ್ ಹಾಕುತ್ತದೆ. ಅದರ ಮುಂದೆ 15 ಜಿಬಿ ಹಳೆಯ ಲೆಕ್ಕ ಇದ್ದರೂ ಡ್ರೈವ್ ಅತ್ತ ಹೋಗುವುದಿಲ್ಲ. ವಿಂಡೋಸ್ 2000ದಲ್ಲಿ ಗುರುತಿಲ್ಲದ ಟೇಪ್ ಹಾಕಿದ ಕೂಡಲೇ ಏನು ಮಾಡಲಿ ಅಂತ ಒಂದು ಕಿಟಕಿ ಏಳುತ್ತದೆ. ಅವಸರದಲ್ಲಿ ಅದನ್ನು ಖಾಲಿ ಟೇಪುಗಳ ಗುಂಪಿಗೆ ಸೇರಿಸಿಬಿಟ್ಟರೆ ಕಥೆ ಮುಗಿಯಿತು.

ಡ್ರೈವ್ ಓಡುತ್ತಿರುವಾಗ ಬಲವಂತವಾಗಿ ಟೇಪ್ ತೆಗೆಯಬೇಡಿ. ಎಜೆಕ್ಟ್ ಗುಂಡಿಯನ್ನು ಸುಮಾರು ಹೊತ್ತು ಒತ್ತಿ ಹಿಡಿದರೆ ಕೆಲವು ಡ್ರೈವುಗಳು ಟೇಪನ್ನು ಹೊರಗೆ ಹಾಕುತ್ತವೆ, ನಿಜ. ಆದರೆ ಬರೆಯುವ ನಡುವೆ ಹಾಗೆ ಮಾಡಿದರೆ ಆ ಮುಕ್ತಾಯದ ಗುರುತು ಬೀಳುವುದಿಲ್ಲ, ಆ ರಾತ್ರಿ ಬರೆದದ್ದು ಸಿಗದೆ ಹೋಗಬಹುದು.

ಇನ್ನೊಂದು, ವರದಿ ಓದಿ. ಎನ್‌ಟಿಬ್ಯಾಕಪ್ ಕೊನೆಯ ಹತ್ತು ವರದಿಗಳನ್ನು ಇಟ್ಟುಕೊಳ್ಳುತ್ತದೆ. ಕೆಲಸ ಯಾವ ಖಾತೆಯ ಹೆಸರಲ್ಲಿ ನಡೆಯಿತೋ ಆ ಖಾತೆಯ ಪ್ರೊಫೈಲಿನಲ್ಲಿ ಅವು ಇರುತ್ತವೆ. ಎಷ್ಟೋ ಜನ ತಮ್ಮ ಖಾತೆಯಿಂದ ಒಳಗೆ ಬಂದು ನೋಡಿ, ವರದಿಯೇ ಇಲ್ಲ ಅಂದುಕೊಳ್ಳುತ್ತಾರೆ. ಬ್ಯಾಕಪ್ ಖಾತೆಯಿಂದಲೇ ಲಾಗಿನ್ ಆಗಿ ನೋಡಿ.

ಎರಡು ಪರೀಕ್ಷೆ

ಮೊದಲ ಪರೀಕ್ಷೆ: ಸರ್ವರಿನದೇ ಹಾರ್ಡ್ ಡಿಸ್ಕಿನಲ್ಲಿರುವ 500 ಎಂಬಿಯಷ್ಟು ದೊಡ್ಡ ಒಂದು ಫೋಲ್ಡರನ್ನು ಟೇಪಿಗೆ ಬರೆಯಿರಿ. ವೆರಿಫೈ, ಅಂದರೆ ಬರೆದದ್ದನ್ನು ಮತ್ತೆ ಓದಿ ಹೋಲಿಸುವ ಆಯ್ಕೆ, ಆನ್ ಇರಲಿ. ಇದರಲ್ಲಿ ನೆಟ್‌ವರ್ಕ್ ಪಾತ್ರವೇ ಇಲ್ಲ.

ಎರಡನೇ ಪರೀಕ್ಷೆ: ಒಂದು ಡೆಸ್ಕ್‌ಟಾಪಿನ ಅಷ್ಟೇ ದೊಡ್ಡ ಫೋಲ್ಡರನ್ನು ಟೇಪಿಗಲ್ಲ, ಸರ್ವರಿನ ಡಿಸ್ಕಿನಲ್ಲಿ ಒಂದು ಬಿಕೆಎಫ್ (ಎನ್‌ಟಿಬ್ಯಾಕಪ್ ಮಾಡುವ ಬ್ಯಾಕಪ್) ಕಡತಕ್ಕೆ ಬ್ಯಾಕಪ್ ಮಾಡಿ. ವಿಂಡೋಸ್ 2000ದ ಎನ್‌ಟಿಬ್ಯಾಕಪ್‌ಗೆ ಇದು ಗೊತ್ತು, ಅದಕ್ಕಿಂತ ಹಳೆಯ ವಿಂಡೋಸ್ ಎನ್‌ಟಿ 4ರದ್ದಕ್ಕೆ ಗೊತ್ತಿಲ್ಲ. ಎನ್‌ಟಿ 4 ಆದರೆ ಸುಮ್ನೆ ಕಡತ ನಕಲು ಮಾಡಿ ನೋಡಿದರೂ ಸಾಕು. ಡಿಸ್ಕ್ ಫ್ಯಾಟ್32 ಅನ್ನುವ ಹಳೆಯ ಕಡತ ವ್ಯವಸ್ಥೆಯದಾಗಿದ್ದರೆ 4 ಜಿಬಿಗೆ ಕಡತ ನಿಂತುಹೋಗುತ್ತದೆ, ಅದನ್ನು ಬೇರೆ ದೋಷ ಅಂದುಕೊಳ್ಳಬೇಡಿ. ಇದರಲ್ಲಿ ಟೇಪ್ ಪಾತ್ರ ಇಲ್ಲ.

ಎರಡಕ್ಕೂ ಗಡಿಯಾರ ಹಿಡಿದು ಸಮಯ ಬರೆದುಕೊಳ್ಳಿ. ಡಿಡಿಎಸ್-4 ಡ್ರೈವ್ ಸೆಕೆಂಡಿಗೆ ಸುಮಾರು 3 ಎಂಬಿ ಬರೆಯುತ್ತದೆ. 500 ಎಂಬಿಗೆ ಮೂರು ನಿಮಿಷ, ವೆರಿಫೈಗೆ ಇನ್ನೊಂದು ಮೂರು.

ಸಂಘದ ಕಚೇರಿಯಲ್ಲಿ ಮೊದಲ ಪರೀಕ್ಷೆಗೆ ಏಳು ನಿಮಿಷ ಹಿಡಿಯಿತು. ಪರವಾಗಿಲ್ಲ. ಎರಡನೆಯದಕ್ಕೆ ಮುಕ್ಕಾಲು ಗಂಟೆ ಕಾದೆ. ಟೇಪೇ ಇಲ್ಲದ ದಾರಿಯಲ್ಲಿ ಮುಕ್ಕಾಲು ಗಂಟೆ! ಹೊಸ ಟೇಪಿಗೆ ಸುರಿದ ದುಡ್ಡು ದಂಡವಾಗಿತ್ತು.

ಎರಡನೇ ಪರೀಕ್ಷೆ ಸೋತರೆ: ನೆಟ್‌ವರ್ಕ್

ಪಿಂಗ್ ಮಾಡಿದರೆ, ಅಂದರೆ ಇನ್ನೊಂದು ಕಂಪ್ಯೂಟರಿಗೆ ಸಣ್ಣ ಸಂದೇಶ ಕಳಿಸಿ ನೋಡಿದರೆ, ಚೆನ್ನಾಗೇ ಉತ್ತರ ಬರುತ್ತಿತ್ತು. ಸಣ್ಣ ಕಡತಗಳು ತೆರೆದುಕೊಳ್ಳುತ್ತಿದ್ದವು. ಅದಕ್ಕೇ ಯಾರಿಗೂ ನೆಟ್‌ವರ್ಕ್ ಮೇಲೆ ಅನುಮಾನ ಬಂದಿರಲಿಲ್ಲ. 100 ಎಂಬಿಯ ಒಂದು ಕಡತವನ್ನು ಡೆಸ್ಕ್‌ಟಾಪಿನಿಂದ ಸರ್ವರಿಗೆ ನಕಲು ಮಾಡಿದೆ. 100 ಮೆಗಾಬಿಟ್ ನೆಟ್‌ವರ್ಕಿನಲ್ಲಿ ಹದಿನೈದು ಇಪ್ಪತ್ತು ಸೆಕೆಂಡಿನ ಕೆಲಸ. ಅಲ್ಲಿ 9 ನಿಮಿಷ ಹಿಡಿಯಿತು.

ಲೆಕ್ಕ ಹಾಕಿ ನೋಡಿ. 100 ಎಂಬಿಗೆ 9 ನಿಮಿಷ ಅಂದರೆ 8 ಜಿಬಿಗೆ ಹನ್ನೆರಡು ಗಂಟೆಗೂ ಜಾಸ್ತಿ. ರಾತ್ರಿ ಎಂಟಕ್ಕೆ ಶುರುವಾದ ಕೆಲಸ ಬೆಳಗ್ಗೆ ಒಂಬತ್ತರ ಹತ್ತಿರ ಹೋಗುವುದಕ್ಕೆ ಇಷ್ಟು ಸಾಕು.

ಕಾರಣ ಸ್ವಿಚ್ಚಿನ ಹತ್ತಿರ ಸಿಕ್ಕಿತು. ತಿಂಗಳ ಹಿಂದೆ ಸಿಡಿಲಿಗೆ ಹಳೆಯ ಸ್ವಿಚ್ ಸುಟ್ಟಿತ್ತು. ಪೇಟೆಯಿಂದ ಹೊಸ ಸಣ್ಣ ಸ್ವಿಚ್ ತಂದು ಹಾಕಿದ್ದರು. ಸರ್ವರಿನ ನೆಟ್‌ವರ್ಕ್ ಕಾರ್ಡಿನಲ್ಲಿ ಮಾತ್ರ ಹಳೆಯ ಸ್ವಿಚ್ಚಿಗೆ ಹೊಂದುವಂತೆ 100 ಮೆಗಾಬಿಟ್ ಫುಲ್ ಡುಪ್ಲೆಕ್ಸ್ ಅಂತ ಕೈಯಾರೆ ಹಾಕಿಟ್ಟದ್ದು ಹಾಗೇ ಉಳಿದಿತ್ತು. ಹೊಸ ಸ್ವಿಚ್ ತಾನಾಗಿಯೇ ಮಾತಾಡಿ ವೇಗ ಗೊತ್ತುಮಾಡಿಕೊಳ್ಳುವ ಜಾತಿಯದು. ಹೀಗೆ ಕೈಯಾರೆ ಹಾಕಿಟ್ಟ ಕಾರ್ಡ್ ಆ ಮಾತಿಗೆ ಉತ್ತರ ಕೊಡುವುದಿಲ್ಲ. ಆಗ ಸ್ವಿಚ್ಚಿಗೆ ವೇಗ 100 ಅಂತ ಗೊತ್ತಾಗುತ್ತದೆ, ಡುಪ್ಲೆಕ್ಸ್ ಗೊತ್ತಾಗುವುದಿಲ್ಲ. ನಿಯಮದ ಪ್ರಕಾರ ಅದು ಹಾಫ್ ಡುಪ್ಲೆಕ್ಸಿಗೆ ಇಳಿಯುತ್ತದೆ. ಒಂದು ಕಡೆಯವರು ಇಬ್ಬರೂ ಒಟ್ಟಿಗೆ ಮಾತಾಡಬಹುದು ಅಂದುಕೊಂಡಿದ್ದಾರೆ, ಇನ್ನೊಂದು ಕಡೆಯವರು ಒಬ್ಬರ ನಂತರ ಒಬ್ಬರು ಅಂದುಕೊಂಡಿದ್ದಾರೆ. ಸಣ್ಣ ಮಾತು ನಡೆಯುತ್ತದೆ. ದೊಡ್ಡ ಕಡತ ಬಂದಾಗ ಡಿಕ್ಕಿ ಹೊಡೆದು ಪ್ಯಾಕೆಟ್ ಕಳೆದುಹೋಗುತ್ತವೆ, ಮತ್ತೆ ಮತ್ತೆ ಕಳಿಸಬೇಕಾಗುತ್ತದೆ.

ಸರ್ವರಿನ ಕಾರ್ಡನ್ನು ಆಟೋಗೆ ಬದಲಿಸಿದೆ. ಅದೇ 100 ಎಂಬಿ ಕಡತ 14 ಸೆಕೆಂಡಿನಲ್ಲಿ ಬಂತು.

ಒಂದು ಎಚ್ಚರಿಕೆ. ಈ ದೋಷದಲ್ಲಿ ಒಂದು ದಿಕ್ಕು ನಿಧಾನ, ಇನ್ನೊಂದು ದಿಕ್ಕು ಸರಿಯಾಗೇ ಇರುವಂತೆ ಕಾಣಬಹುದು. ಹಾಗಾಗಿ ಬ್ಯಾಕಪ್ ಹರಿಯುವ ದಿಕ್ಕಿನಲ್ಲೇ, ಅಂದರೆ ಡೆಸ್ಕ್‌ಟಾಪಿನಿಂದ ಸರ್ವರಿಗೆ ನಕಲು ಮಾಡಿ ನೋಡಿ. ಎರಡೂ ತುದಿ ಆಟೋ ಇರಲಿ, ಇಲ್ಲವೇ ಎರಡೂ ತುದಿ ಒಂದೇ ರೀತಿ ಕೈಯಾರೆ ಹಾಕಿರಲಿ. ಅರ್ಧಂಬರ್ಧ ಬೇಡ. 10 ಮೆಗಾಬಿಟ್ಟಿನ ಹಳೆಯ ಹಬ್ ಇದ್ದರೆ ಯಾವ ದೋಷವೂ ಇಲ್ಲದೆಯೇ ಸೆಕೆಂಡಿಗೆ ಸುಮಾರು 1 ಎಂಬಿ ಮಾತ್ರ ಬರುತ್ತದೆ. ಅಲ್ಲಿ ಡ್ರೈವನ್ನು ಬೈದು ಪ್ರಯೋಜನ ಇಲ್ಲ.

ಹಾಗಾದರೆ ಆ ಕೇಸರಿ ದೀಪ?

ದೀಪ ಸುಳ್ಳು ಹೇಳಿರಲಿಲ್ಲ. ಡ್ರೈವಿನ ಪಕ್ಕ ಕಿವಿ ಇಟ್ಟು ಕೇಳಿದರೆ ಗೊತ್ತಾಗುತ್ತದೆ. ಚೆನ್ನಾಗಿ ಓಡುವ ಡ್ರೈವ್ ಒಂದೇ ಸಮನೆ ಸಣ್ಣಗೆ ಗುಂಯ್‌ಗುಡುತ್ತದೆ. ಇಲ್ಲಿಯದು ಜುಯ್ ಅಂತ ಮುಂದೆ ಹೋಗುತ್ತಿತ್ತು, ಟಕ್ ಅಂತ ನಿಲ್ಲುತ್ತಿತ್ತು, ಸ್ವಲ್ಪ ಹಿಂದಕ್ಕೆ ಸುತ್ತುತ್ತಿತ್ತು, ಮತ್ತೆ ಮುಂದೆ. ಬರೆಯಲು ಮಾಹಿತಿ ಸಾಕಷ್ಟು ಬೇಗ ಬರದಿದ್ದಾಗ ಡ್ರೈವ್ ನಿಲ್ಲಲೇಬೇಕು. ನಿಂತ ಮೇಲೆ ಬಿಟ್ಟ ಜಾಗ ಹುಡುಕಲು ಹಿಂದಕ್ಕೆ ಹೋಗಬೇಕು. ಬೂಟಿಗೆ ಪಾಲಿಶ್ ಮಾಡುವವರು ಬಟ್ಟೆಯನ್ನು ಹಿಂದೆ ಮುಂದೆ ಉಜ್ಜಿದ ಹಾಗೆ. ಅದಕ್ಕೇ ಇದಕ್ಕೆ ಷೂ ಶೈನಿಂಗ್ ಅನ್ನುತ್ತಾರೆ. ತಿಂಗಳುಗಟ್ಟಲೆ ರಾತ್ರಿಯಿಡೀ ಹೀಗೆ ಉಜ್ಜಿದರೆ ಟೇಪೂ ಸವೆಯುತ್ತದೆ, ಹೆಡ್ಡಿಗೂ ಪುಡಿ ಮೆತ್ತಿಕೊಳ್ಳುತ್ತದೆ. ದೀಪ ಹತ್ತುತ್ತದೆ. ಕ್ಲೀನ್ ಮಾಡಿದರೆ ಆರುತ್ತದೆ, ಎರಡು ದಿನಕ್ಕೆ ಮತ್ತೆ ಹತ್ತುತ್ತದೆ. ಮೂಲ ಸರಿಯಾಗುವವರೆಗೆ ಇದು ತಪ್ಪುವುದಿಲ್ಲ.

ಮೊದಲ ಪರೀಕ್ಷೆ ಸೋತರೆ: ಟೇಪ್, ಹೆಡ್, ಕೇಬಲ್

ಇಲ್ಲಿ ಕ್ರಮ ಮುಖ್ಯ. ಮೊದಲು ಕ್ಲೀನಿಂಗ್ ಟೇಪ್. ಡಿಡಿಎಸ್ ಕ್ಲೀನಿಂಗ್ ಟೇಪನ್ನು ಸಾಮಾನ್ಯವಾಗಿ 50 ಸಲ ಬಳಸಬಹುದು. ಅದರ ಮೇಲಿನ ಚೀಟಿಯಲ್ಲಿ ಪ್ರತಿ ಸಲವೂ ಗೆರೆ ಹಾಕಿ. ಮುಗಿದುಹೋದ ಕ್ಲೀನಿಂಗ್ ಟೇಪ್ ಹಾಕಿ ಕ್ಲೀನ್ ಆಯಿತು ಅಂದುಕೊಂಡವರನ್ನು ತುಂಬಾ ನೋಡಿದ್ದೇನೆ. ಹಾಡಿನ ಕ್ಯಾಸೆಟ್ ಪ್ಲೇಯರಿಗೆ ಮಾಡುವ ಹಾಗೆ ಹತ್ತಿ, ಸ್ಪಿರಿಟ್ ಹಿಡಿದು ಒಳಗೆ ಕೈ ಹಾಕಬೇಡಿ. ಒಳಗೆ ಓರೆಯಾಗಿ ಕೂತು ಗಿರಗಿರ ತಿರುಗುವ ಡ್ರಮ್ಮಿನಲ್ಲಿ ಹೆಡ್ ಇರುತ್ತದೆ, ಹತ್ತಿಯ ಎಳೆ ಸಿಕ್ಕಿದರೆ ಡ್ರೈವೇ ಹೋಗುತ್ತದೆ.

ಕ್ಲೀನ್ ಆದ ಮೇಲೂ ಒಂದೇ ಟೇಪಿನಲ್ಲಿ ದೀಪ ಹತ್ತಿದರೆ ಆ ಟೇಪ್ ಹೋಗಿದೆ. ಎಲ್ಲ ಟೇಪಿನಲ್ಲೂ ಹತ್ತಿದರೆ ಡ್ರೈವನ್ನು ಅನುಮಾನಿಸಿ. ನಾನು ಒಂದು ಡಿಡಿಎಸ್ ಟೇಪನ್ನು ನೂರು ಬ್ಯಾಕಪ್ ಆದ ಮೇಲೆ ಬಳಸುವುದಿಲ್ಲ. ಮಳೆಗಾಲದಲ್ಲಿ ತೇವದ ಕೋಣೆಯಿಂದ ಎಸಿ ಕೋಣೆಗೆ ತಂದ ಟೇಪನ್ನು ತಕ್ಷಣ ಹಾಕುವುದೂ ತಪ್ಪು. ಒಂದು ದಿನ ಡ್ರೈವಿನ ಪಕ್ಕದಲ್ಲೇ ಇಟ್ಟು ಆಮೇಲೆ ಹಾಕಿ.

ತಲೆಮಾರು ನೋಡಿಕೊಳ್ಳಿ. ಡಿಡಿಎಸ್-2ರಲ್ಲಿ 4 ಜಿಬಿ, ಡಿಡಿಎಸ್-3ರಲ್ಲಿ 12, ಡಿಡಿಎಸ್-4ರಲ್ಲಿ 20. ಡಬ್ಬಿಯ ಮೇಲೆ 40 ಅಂತ ದೊಡ್ಡದಾಗಿ ಬರೆದಿರುವುದು ಎರಡಕ್ಕೊಂದು ಕುಗ್ಗಿಸಿದರೆ ಸಿಗುವ ಲೆಕ್ಕ. ಜಿಪ್ ಕಡತ, ಸ್ಕ್ಯಾನ್ ಮಾಡಿದ ಜೆಪೆಗ್ ಚಿತ್ರಗಳು ಮೊದಲೇ ಕುಗ್ಗಿರುತ್ತವೆ, ಇನ್ನು ಕುಗ್ಗುವುದಿಲ್ಲ. 22 ಜಿಬಿಗೆ ಎರಡನೇ ಟೇಪ್ ಕೇಳಿದರೆ ಅದು ದೋಷವಲ್ಲ. ಹೊಸ ಪೀಳಿಗೆಯ ಟೇಪನ್ನು ಹಳೆಯ ಡ್ರೈವಿಗೆ ಹಾಕಿದರೆ ಅದು ಒಪ್ಪುವುದಿಲ್ಲ.

ಟೇಪ್, ಹೆಡ್ ಎರಡೂ ಸರಿ ಇದ್ದರೆ ವಿಂಡೋಸ್ ಬರೆದಿಟ್ಟ ದೋಷಗಳನ್ನು ತೋರಿಸುವ ಈವೆಂಟ್ ವ್ಯೂಅರ್ ತೆರೆಯಿರಿ. ಸಿಸ್ಟಮ್ ಲಾಗಿನಲ್ಲಿ ಸ್ಕಸಿ ಕಾರ್ಡಿನ ಚಾಲಕದ (ಡ್ರೈವರ್ ಸಾಫ್ಟ್‌ವೇರ್) ಹೆಸರಲ್ಲಿ 9 ಅಥವಾ 11 ಸಂಖ್ಯೆಯ ಘಟನೆ ಸಾಲುಸಾಲಾಗಿ ಇದ್ದರೆ ಕೇಬಲ್ ಕಡೆ ತಿರುಗಿ. 9 ಅಂದರೆ ಸಾಧನ ಹೊತ್ತಿಗೆ ಸರಿಯಾಗಿ ಉತ್ತರ ಕೊಡಲಿಲ್ಲ. 11 ಅಂದರೆ ಕಂಟ್ರೋಲರ್ ದೋಷ. ಬ್ಯಾಕಪ್ ಸಾಫ್ಟ್‌ವೇರ್ ಸೆನ್ಸ್ ಕೀ, ಅಂದರೆ ದೋಷ ಯಾವ ಬಗೆಯದು ಅಂತ ಡ್ರೈವೇ ಹೇಳುವ ಸಂಖ್ಯೆ, ತೋರಿಸಿದರೆ ಇನ್ನೂ ಒಳ್ಳೆಯದು. 2 ಅಂದರೆ ಡ್ರೈವ್ ಸಿದ್ಧವಿಲ್ಲ, 3 ಅಂದರೆ ಟೇಪಿನದೇ ದೋಷ, 4 ಅಂದರೆ ಯಂತ್ರದ ದೋಷ, 7 ಅಂದರೆ ಬರೆಯದಂತೆ ಬೀಗ ಇದೆ, 8 ಅಂದರೆ ಖಾಲಿ ಜಾಗ. 6 ಬಂದರೆ ಟೇಪ್ ಬದಲಾಗಿದೆ ಅಥವಾ ಡ್ರೈವ್ ರೀಸೆಟ್ ಆಗಿದೆ. ಟೇಪ್ ಹಾಕಿದಾಗ ಒಮ್ಮೆ ಬಂದರೆ ಏನಿಲ್ಲ, ಬರೆಯುವ ನಡುವೆ ಬಂದರೆ ಕೇಬಲ್ ಅಥವಾ ಕರೆಂಟಿನ ತೊಂದರೆ.

ಸ್ಕಸಿಯಲ್ಲಿ ನೋಡಬೇಕಾದ್ದು ಮೂರು. ಪ್ರತಿ ಸಾಧನಕ್ಕೂ ಬೇರೆ ಬೇರೆ ಐಡಿ ಇರಬೇಕು, ಕಾರ್ಡು ಸಾಮಾನ್ಯವಾಗಿ 7ನ್ನು ಇಟ್ಟುಕೊಂಡಿರುತ್ತದೆ. ಕೇಬಲಿನ ಎರಡು ತುದಿಗೂ ಟರ್ಮಿನೇಟರ್ (ಸಂಕೇತ ತುದಿಗೆ ಬಡಿದು ವಾಪಸ್ ಬರದಂತೆ ತಡೆಯುವ ಭಾಗ) ಇರಬೇಕು, ನಡುವೆ ಇರಬಾರದು. ಕೇಬಲ್ ಉದ್ದ ಮಿತಿಯಲ್ಲಿರಬೇಕು. ಹಳೆಯ ಸಿಂಗಲ್ ಎಂಡೆಡ್ ಫಾಸ್ಟ್ ಸ್ಕಸಿಗೆ ಒಳಗಿನದು, ಹೊರಗಿನದು ಎಲ್ಲ ಸೇರಿ 3 ಮೀಟರ್, ಎಲ್‌ವಿಡಿ (ಕಡಿಮೆ ವೋಲ್ಟೇಜಿನ ಹೊಸ ಬಗೆ) ಆದರೆ 12 ಮೀಟರ್. ಕೇಬಲ್ ತೆಗೆದಾಗ ಟಾರ್ಚ್ ಹಿಡಿದು 68 ಪಿನ್ನುಗಳನ್ನೂ ನೋಡಿ. ಒಂದು ಪಿನ್ ಕೂದಲಿನಷ್ಟು ಬಾಗಿದ್ದರೂ ಡ್ರೈವ್ ಕಾಣಿಸುತ್ತದೆ, ಆದರೆ ದೊಡ್ಡ ಬರಹ ಬಂದಾಗ ಬೀಳುತ್ತದೆ. ಎಚ್‌ವಿಡಿ (ಹೆಚ್ಚು ವೋಲ್ಟೇಜಿನ ಬಗೆ) ಅಂತ ಗುರುತಿರುವ ಸಾಧನವನ್ನು ಮಾತ್ರ ಎಲ್‌ವಿಡಿ ಕಾರ್ಡಿಗೆ ಎಂದೂ ಸೇರಿಸಬೇಡಿ, ಸುಟ್ಟುಹೋಗಬಹುದು.

ಎರಡೂ ಪರೀಕ್ಷೆ ಗೆದ್ದರೂ ರಾತ್ರಿ ಕೆಲಸ ನಡೆಯದಿದ್ದರೆ

ಹಗಲು ಕೈಯಿಂದ ಮಾಡಿದರೆ ಆಗುತ್ತದೆ, ರಾತ್ರಿ ತಾನಾಗಿ ಆಗುವುದಿಲ್ಲ. ಇದು ಖಾತೆಯ ವಿಷಯ. ಎನ್‌ಟಿ 4ರಲ್ಲಿ ಎಟಿ ಅನ್ನುವ, ಕೆಲಸಕ್ಕೆ ಸಮಯ ಗೊತ್ತುಮಾಡುವ ಆದೇಶದಿಂದ ಹಾಕಿದ ಕೆಲಸ ಸಿಸ್ಟಮ್ ಖಾತೆಯಲ್ಲಿ ಓಡುತ್ತದೆ. ಆ ಖಾತೆಗೆ ಬೇರೆ ಕಂಪ್ಯೂಟರಿನ ಬಾಗಿಲು ತೆರೆಯುವ ಅಧಿಕಾರ ಇಲ್ಲ. ಬ್ಯಾಕಪ್ ಆಪರೇಟರ್ಸ್ ಗುಂಪಿನ ಒಂದು ಖಾತೆ ಮಾಡಿ, ಶೆಡ್ಯೂಲರ್ ಸೇವೆಯನ್ನು ಅದರ ಹೆಸರಲ್ಲಿ ಓಡಿಸಿ. ವಿಂಡೋಸ್ 2000ದಲ್ಲಿ ಯಾರಾದರೂ ಆ ಖಾತೆಯ ಪಾಸ್‌ವರ್ಡ್ ಬದಲಿಸಿದ್ದರೆ ಕೆಲಸ ಸದ್ದಿಲ್ಲದೆ ನಿಂತುಬಿಡುತ್ತದೆ. ನಿಮ್ಮ ಲಾಗಿನ್ನಿನಲ್ಲಿ ಮ್ಯಾಪ್ ಮಾಡಿದ ಎಕ್ಸ್ ಡ್ರೈವ್ ರಾತ್ರಿಯ ಕೆಲಸಕ್ಕೆ ಕಾಣುವುದಿಲ್ಲ, ಕಂಪ್ಯೂಟರಿನ ಹೆಸರು ಮತ್ತು ಷೇರಿನ ಹೆಸರು ಇರುವ ಪೂರ್ತಿ ದಾರಿ ಕೊಡಿ. ಇನ್ನೊಂದು ಸರ್ವರಿನ ಸಿಸ್ಟಮ್ ಸ್ಟೇಟನ್ನು (ರಿಜಿಸ್ಟ್ರಿಯಂಥ ವಿಂಡೋಸಿನದೇ ಮುಖ್ಯ ಮಾಹಿತಿ) ನೆಟ್‌ವರ್ಕ್ ಮೂಲಕ ತೆಗೆಯಲು ಎನ್‌ಟಿಬ್ಯಾಕಪ್‌ಗೆ ಆಗುವುದೇ ಇಲ್ಲ. ಅಲ್ಲೇ ಕಡತಕ್ಕೆ ಬ್ಯಾಕಪ್ ಮಾಡಿ, ಆ ಕಡತವನ್ನು ಟೇಪಿಗೆ ತನ್ನಿ.

ವಿಂಡೋಸ್ 2000ದ ಇನ್ನೊಂದು ಕಾಟ ಟೇಪುಗಳ ಲೆಕ್ಕ ಇಟ್ಟುಕೊಳ್ಳುವ ರಿಮೂವಬಲ್ ಸ್ಟೋರೇಜ್ ಸೇವೆ. ನೀವು ಸೋಮವಾರದ ಟೇಪ್ ಇಟ್ಟು ಕೆಲಸ ಹಾಕಿದ್ದೀರಿ. ಮಂಗಳವಾರದ ಟೇಪ್ ಹಾಕಿದರೆ ಅದು ಸೋಮವಾರದ್ದೇ ಬೇಕು ಅಂತ ರಾತ್ರಿಯಿಡೀ ಕಾಯುತ್ತದೆ. ಎನ್‌ಟಿಬ್ಯಾಕಪ್ ಆದೇಶದಲ್ಲಿ ಸ್ಲ್ಯಾಷ್ ಯುಎಂ ಆಯ್ಕೆಯ ಜೊತೆ ಸ್ಲ್ಯಾಷ್ ಪಿ ಹಾಕಿ ಮೀಡಿಯಾ ಪೂಲಿನ (ಟೇಪುಗಳ ಗುಂಪಿನ) ಹೆಸರು ಕೊಟ್ಟರೆ ಸಿಕ್ಕಿದ ಟೇಪನ್ನು ಬಳಸಿಕೊಳ್ಳುತ್ತದೆ. ಆದರೆ ಅದು ಆ ಟೇಪನ್ನು ಅಳಿಸಿ ಬರೆಯುತ್ತದೆ ಅನ್ನುವುದು ನೆನಪಿರಲಿ. ಮೊದಲು ಹೇಳಿದ ಪುಟ್ಟ ಬಾಗಿಲು ಕಾಪಾಡುವುದು ಇಂಥ ಹೊತ್ತಲ್ಲೇ.

ಮದರ್‌ಬೋರ್ಡಿನ ಬ್ಯಾಟರಿಯನ್ನೂ ನೋಡಿ. ಹಳೆಯ ಯಂತ್ರಗಳಲ್ಲಿ ನಾಣ್ಯದಂಥ ಸಿಆರ್2032 ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ರಾತ್ರಿಯ ಕೆಲಸ ಯಾವ ಹೊತ್ತಿಗೆ ಓಡುತ್ತದೋ ಗೊತ್ತಿಲ್ಲ, ಟೇಪಿನ ಮೇಲೂ ತಪ್ಪು ತಾರೀಖು ಬೀಳುತ್ತದೆ.

ಬ್ಯಾಕಪ್ ಮುಗಿದಿದೆ, ಕಡತ ಮಾತ್ರ ಇಲ್ಲ

ನನಗೆ ಅತಿ ಹೆಚ್ಚು ಭಯ ಇರುವುದು ಈ ದೋಷದ ಬಗ್ಗೆ. ಯಾವ ದೀಪವೂ ಹತ್ತುವುದಿಲ್ಲ.

ಸಾಮಾನ್ಯ ಕಾರಣ ತೆರೆದಿಟ್ಟ ಕಡತ. ಲೆಕ್ಕದ ಪ್ರೋಗ್ರಾಂ ಮುಚ್ಚದೆ ಮನೆಗೆ ಹೋದರೆ ವಿಂಡೋಸ್ 2000 ಆ ಕಡತವನ್ನು ಬಿಟ್ಟು ಮುಂದೆ ಹೋಗುತ್ತದೆ. ವರದಿಯಲ್ಲಿ ಒಂದು ಸಾಲು ಬರೆಯುತ್ತದೆ, ಅಷ್ಟೇ. ಎಕ್ಸ್‌ಪಿ ಮತ್ತು 2003ರಲ್ಲಿ ತೆರೆದ ಕಡತದ್ದೂ ಆ ಕ್ಷಣದ ನಕಲು ತೆಗೆಯುವ ಶ್ಯಾಡೋ ಕಾಪಿ ಬಂದ ಮೇಲೆ ಇದು ಕಡಿಮೆಯಾಯಿತು. ಸಂಜೆ ಎಲ್ಲರೂ ಲಾಗಾಫ್ ಆಗಿ ಹೋಗುವ ರೂಢಿ ಮಾಡಿಸಿ.

ಇನ್ನೊಂದು ಆರ್ಕೈವ್ ಗುರುತು. ಕಡತ ಬದಲಾದಾಗ ವಿಂಡೋಸ್ ಅದಕ್ಕೆ ಈ ಗುರುತು ಹಾಕುತ್ತದೆ. ಇನ್‌ಕ್ರಿಮೆಂಟಲ್ ಬ್ಯಾಕಪ್ ಗುರುತು ನೋಡಿ ಕಡತ ತೆಗೆದು, ಗುರುತನ್ನು ಅಳಿಸುತ್ತದೆ. ಡಿಫರೆನ್ಷಿಯಲ್ ಅಳಿಸುವುದಿಲ್ಲ. ನಡುವೆ ಯಾರೋ ಒಬ್ಬರು ಮುತುವರ್ಜಿಯಿಂದ ಎಕ್ಸ್‌ಕಾಪಿ ಅನ್ನುವ ನಕಲು ಆದೇಶವನ್ನು ಸ್ಲ್ಯಾಷ್ ಎಂ ಆಯ್ಕೆ ಹಾಕಿ ಸಂಜೆ ಇನ್ನೊಂದು ಡಿಸ್ಕಿಗೆ ನಕಲು ಮಾಡುತ್ತಿದ್ದರೆ, ಅದೂ ಗುರುತು ಅಳಿಸುತ್ತದೆ. ರಾತ್ರಿಯ ಬ್ಯಾಕಪ್‌ಗೆ ಏನೂ ಬದಲಾಗಿಲ್ಲ ಅಂತ ಕಾಣುತ್ತದೆ. ಸ್ಲ್ಯಾಷ್ ಎಂ ಬದಲು ಸ್ಲ್ಯಾಷ್ ಎ ಹಾಕಿದರೆ ಗುರುತು ಉಳಿಯುತ್ತದೆ.

ಇವತ್ತು ಹಳೆಯ ಟೇಪ್ ಓದಬೇಕಾದವರಿಗೆ

ಹಳೆಯ ಡ್ರೈವನ್ನು ಎಸೆಯಬೇಡಿ. ಡಿಡಿಎಸ್ ಡ್ರೈವಿನ ಹೆಡ್ ವರ್ಷಗಳಲ್ಲಿ ಸ್ವಲ್ಪ ಓರೆಯಾಗಿರಬಹುದು. ಅದು ಬರೆದ ಟೇಪನ್ನು ಅದೇ ಓದುತ್ತದೆ, ಬೇರೆ ಒಳ್ಳೆಯ ಡ್ರೈವ್ ಓದದೆ ಹೋಗಬಹುದು. ವಿಂಡೋಸ್ ವಿಸ್ತಾದಿಂದ ಈಚೆಗೆ ಎನ್‌ಟಿಬ್ಯಾಕಪ್ ಇಲ್ಲ. ಹಾಗಾಗಿ ಎಕ್ಸ್‌ಪಿ ಅಥವಾ 2003 ಇರುವ ಒಂದು ಯಂತ್ರವನ್ನು ಇಂಟರ್‌ನೆಟ್ಟಿಗೆ ಸೇರಿಸದೆ ಇಟ್ಟುಕೊಂಡರೆ ದಾರಿ ಸುಲಭ. ಕಾರ್ಡಿಗೆ ವಿಂಡೋಸ್ ಚಾಲಕ ಸಿಗದಿದ್ದರೆ ಲಿನಕ್ಸ್ ನೋಡಿ, ಹಳೆಯ ಅಡಾಪ್ಟೆಕ್ ಕಾರ್ಡುಗಳಿಗೆ ಅದರಲ್ಲಿ ಚಾಲಕ ಇದೆ. ಲಿನಕ್ಸಿನ ಡಿಡಿ ಅನ್ನುವ ನಕಲು ಆದೇಶ ಬಳಸಿ ಮೊದಲು ಇಡೀ ಟೇಪನ್ನು ಡಿಸ್ಕಿಗೆ ಇಳಿಸಿಕೊಳ್ಳಿ. ಟೇಪನ್ನು ಹಿಂದಕ್ಕೆ ಸುತ್ತದ ಸಾಧನದ ಹೆಸರನ್ನೇ ಕೊಡಿ, ಇಲ್ಲದಿದ್ದರೆ ಪ್ರತಿ ಸಲವೂ ಮೊದಲ ತುಂಡೇ ಬರುತ್ತದೆ. ಬ್ಲಾಕ್ ಅಳತೆ (ಒಂದು ಸಲಕ್ಕೆ ಓದುವ ತುಂಡಿನ ಗಾತ್ರ) ಟೇಪಿನಲ್ಲಿರುವುದಕ್ಕಿಂತ ಚಿಕ್ಕದು ಕೊಟ್ಟರೆ ಮೆಮೊರಿ ಸಾಲದು ಅನ್ನುವ ದೋಷ ಬರುತ್ತದೆ. ರ‍್ಯಾಮ್ ತರಲು ಓಡಬೇಡಿ, ಬ್ಲಾಕ್ ಅಳತೆ 64 ಕೆಬಿಗೆ ಏರಿಸಿ ನೋಡಿ.

ಸಂಘದ ಮೇಡಂ ಕಳೆದ ವರ್ಷ ಮತ್ತೆ ಫೋನ್ ಮಾಡಿದರು. ಒಂದು ಹಳೆಯ ನಡಾವಳಿ ಬೇಕಿತ್ತು, ಟೇಪಿನಿಂದ ಕಡತ ಬಂತು, ತೆರೆದರೆ ಪುಟ ತುಂಬ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. "ಟೇಪ್ ಕೆಟ್ಟು ಕಡತ ಹಾಳಾಗಿದೆ ಅಲ್ವಾ ಸಾರ್?" ಅಂದರು. ಹಾಳಾಗಿರಲಿಲ್ಲ. ಯೂನಿಕೋಡಿಗಿಂತ ಮೊದಲು ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳಲ್ಲಿ ಟೈಪ್ ಮಾಡಿದ ಕಡತಗಳಲ್ಲಿ ಕನ್ನಡ ಇರುವುದು ಫಾಂಟಿನ ಆಕಾರದಲ್ಲಿ ಮಾತ್ರ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹೀಗೇ ಕಾಣುತ್ತದೆ. ನುಡಿ ಫಾಂಟ್ ಹಾಕಿ ಕಡತ ಮುಚ್ಚಿ ಮತ್ತೆ ತೆರೆಯಿರಿ ಅಂದೆ. ಫೋನ್ ಹಿಡಿದೇ ಹಾಕಿದರು. ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ನಡಾವಳಿಯ ಮೊದಲ ಸಾಲು ಗಟ್ಟಿಯಾಗಿ ಓದುವುದು ಕೇಳಿಸಿತು.